ಮಗಳಿಗೊಂದು ಪತ್ರ: ಜೋರು ಮಳೆ ಬಂದ ದಿನ ಹೋಗಿ ನೋಡು

ಪ್ರೀತಿಯ ಮಗಳೇ,

ಹೊಸ ಊರಲ್ಲಿ ಸ್ವಂತ ಮನೆ ಮಾಡುವ ಯೋಚನೆ ಬರೆದಿದ್ದೀಯ. ಆಫೀಸಿಗೆ ಹತ್ತಿರದ ತಗ್ಗಿನ ಬಡಾವಣೆಯಲ್ಲಿ ಕಟ್ಟಿ ಮುಗಿದ ಮನೆಯೊಂದು, ದೂರದ ಇಳಿಜಾರಿನಲ್ಲಿ ಖಾಲಿ ನಿವೇಶನವೊಂದು. ಎರಡನ್ನೂ ನೀನು ನೋಡಿದ್ದು ಭಾನುವಾರ ಬೆಳಗ್ಗೆ, ಒಳ್ಳೆ ಬಿಸಿಲಿನಲ್ಲಿ. ಜಾಗದ ಹುಳುಕು ಆ ಹೊತ್ತಿನಲ್ಲಿ ಕಾಣುವುದಿಲ್ಲ ಮಗಳೇ. ಜೋರು ಮಳೆಯಲ್ಲಿ, ಸುಡುವ ಮಧ್ಯಾಹ್ನ, ಕೆಲಸದ ದಿನದ ಸಂಜೆ, ರಾತ್ರಿ ಹನ್ನೊಂದಕ್ಕೆ ಕಾಣುತ್ತದೆ.

ಅದಕ್ಕೇ ಮೊದಲು ಬಾಡಿಗೆಗೆ ಇರು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬಾಡಿಗೆ ಅಂದರೆ ದುಡ್ಡನ್ನು ನೀರಿಗೆ ಹಾಕಿದ ಹಾಗೆ ಎನ್ನುವವರು ಸಾಲದ ಲೆಕ್ಕ ಬಿಡಿಸಿ ನೋಡಿರುವುದಿಲ್ಲ. ಶೇಕಡ 9ರ ಬಡ್ಡಿಗೆ, 20 ವರ್ಷಕ್ಕೆ 100 ಪಾಲು ಸಾಲ ತೆಗೆದರೆ ಕೊನೆಗೆ ಕಟ್ಟುವುದು ಸುಮಾರು 216 ಪಾಲು. ಮೊದಲ 5 ವರ್ಷದಲ್ಲಿ 54 ಪಾಲು ಕಟ್ಟಿರುತ್ತೀಯ, ಅಸಲಿನಲ್ಲಿ ತೀರಿರುವುದು ಬರೀ 11. ಅಷ್ಟರೊಳಗೆ ಇನ್ನೊಂದು ಊರಿಗೆ ಹೋಗಬೇಕಾಗಿ ಮನೆ ಮಾರಿದರೆ ಬಡ್ಡಿಯ ಜೊತೆಗೆ ನೋಂದಣಿ, ತೆರಿಗೆ, ದಲ್ಲಾಳಿಯ ಖರ್ಚೂ ಹೋಯಿತು. ಆ ಊರಲ್ಲಿ ಕನಿಷ್ಠ ಐದು ವರ್ಷ ನಿಲ್ಲುತ್ತೇನೆಂಬ ಭರವಸೆ ಇಲ್ಲದಿದ್ದರೆ ಕೊಳ್ಳುವ ಮಾತೇ ಬೇಡ.

ತಗ್ಗಿನ ಮನೆಯ ಬಗ್ಗೆ ನನಗೆ ಹೆಚ್ಚು ಆತಂಕ. ಜೋರು ಮಳೆ ಬಂದ ದಿನ ಹೋಗಿ ಗೇಟಿನ ಮುಂದೆ ನಿಂತುಕೋ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ, ಮಳೆ ನಿಂತು ಎಷ್ಟು ಹೊತ್ತಿಗೆ ಇಳಿಯಿತು ಎಂದು ಗಡಿಯಾರ ನೋಡಿ ಬರೆದುಕೋ. ಮಳೆ ಇಲ್ಲದಾಗಲೂ ಗುರುತುಗಳು ಸಿಗುತ್ತವೆ: ಬೀದಿಯ ಕಾಂಪೌಂಡುಗಳ ಮೇಲೆ ಒಂದೇ ಎತ್ತರಕ್ಕೆ ಕಲೆಯ ಗೆರೆ, ಗೇಟುಗಳ ಕೆಳಭಾಗಕ್ಕೆ ಮಾತ್ರ ತುಕ್ಕು, ಮೀಟರ್ ಪೆಟ್ಟಿಗೆಯೊಳಗೆ ಒಣಗಿದ ಸಣ್ಣ ಕೆಸರು, ಬೇಲಿಗೆ ಸಿಕ್ಕಿಕೊಂಡ ಕಸ. ಗೋಡೆಯ ಕೆಳಗಿನ ಮೂರಡಿಗಷ್ಟೇ ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಎಂದು ಕೇಳು. ಮಾರುವವರನ್ನಲ್ಲ, ಎದುರು ಮನೆಯವರನ್ನು. ಆ ಜಾಗದ ಹಳೆಯ ನಕ್ಷೆಯಲ್ಲಿ ಕೆರೆಯೋ ಹಳ್ಳವೋ ಇತ್ತೇ ಎಂದೂ ಹುಡುಕು. ಹಳ್ಳ ಮುಚ್ಚಿದರೂ ನೀರು ತನ್ನ ದಾರಿ ಬಿಡುವುದಿಲ್ಲ.

"ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ, ಭಯ ಇಲ್ಲ" ಎಂದು ಯಾರಾದರೂ ಹೇಳಿದರೆ ಸಮಾಧಾನಪಡಬೇಡ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇಕಡ 1 ಎಂದಷ್ಟೇ ಅದರ ಅರ್ಥ. 30 ವರ್ಷ ಅಲ್ಲಿದ್ದರೆ ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡ 26 ಆಗುತ್ತದೆ. ಮನೆಯ ನೆಲ ರಸ್ತೆಗಿಂತ ಎಷ್ಟು ಮೇಲಿದೆ ಎಂದು ಅಳೆ. 45 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ನಾನು ಒಪ್ಪುವುದಿಲ್ಲ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಅದು ಒಂದಿಷ್ಟು ಏರುತ್ತದೆ, ಮನೆ ಮಾತ್ರ ಇದ್ದಲ್ಲೇ ಇರುತ್ತದೆ.

ಒಳಗೆ ಹೋದಾಗ ಬಿರುಕು ನೋಡು. ಗಾರೆಯ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಹೆದರಬೇಡ, ಅವು ಒಣಗುವಾಗ ಬಂದವು. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಹೋಗುವ, ಒಂದು ತುದಿ ಅಗಲವಾಗಿರುವ ಬಿರುಕು ಬೇರೆ. ಅಡಿಪಾಯ ಒಂದು ಕಡೆ ಕುಸಿಯುತ್ತಿದೆ ಎಂದು ಅದು ಹೇಳುತ್ತಿರಬಹುದು. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದು, ತಿಂಗಳು ಬಿಟ್ಟು ನೋಡು. ಗೆರೆ ದಾಟಿದ್ದರೆ, ಇಲ್ಲವೇ ಬಿರುಕು 5 ಮಿಲಿಮೀಟರಿಗಿಂತ ಅಗಲ ಇದ್ದರೆ, ಇಂಜಿನಿಯರು ನೋಡುವ ತನಕ ಮುಂದೆ ಹೋಗಬೇಡ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನಂಥ ಪುಡಿ ಕಂಡರೆ ನೆಲದ ತೇವ ಮೇಲೇರುತ್ತಿದೆ. ಅದರ ಮೇಲೆ ಎಷ್ಟು ಬಣ್ಣ ಹೊಡೆದರೂ ಉದುರುತ್ತದೆ.

ಇನ್ನು ಇಳಿಜಾರಿನ ನಿವೇಶನ. ಅಲ್ಲಿ ಮಣ್ಣನ್ನು ನೋಡಬೇಕು. ಒಂದು ಮುಷ್ಟಿ ಮಣ್ಣನ್ನು ನೀರಲ್ಲಿ ಕಲಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಕ್ಕೆ ತಳ್ಳು. 2.5 ಸೆಂಟಿಮೀಟರಿನೊಳಗೇ ಮುರಿದರೆ ಜೇಡಿಯ ಪಾಲು ಕಡಿಮೆ. 5 ಸೆಂಟಿಮೀಟರ್ ದಾಟಿಯೂ ಮುರಿಯದೆ ಜೋತುಬಿದ್ದರೆ ಅಂಟು ಜೇಡಿ. ಇಂಥ ಮಣ್ಣು ಬಹಳ ಸಲ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಮನೆ ಕಟ್ಟಬಹುದು, ಆದರೆ ಅಡಿಪಾಯ ಬೇರೆ ಬಗೆಯದು, ಖರ್ಚೂ ಬೇರೆ. ಆಮೇಲೆ ಎದುರುಬದುರು ಮೂಲೆಗಳಲ್ಲಿ ಒಂದೂವರೆ ಮೀಟರ್ ಆಳದ ಗುಂಡಿ ತೋಡಿಸಿ, ಮೇಲಿನಿಂದಲೇ ನೋಡು. ಗುಂಡಿಗೆ ಇಳಿಯಬೇಡ, ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ, ಕುಸಿದರೆ ಎದ್ದು ಬರಲಾಗುವುದಿಲ್ಲ. ಗುಂಡಿಯ ಗೋಡೆಯಲ್ಲಿ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕಂಡರೆ ಅದು ತಂದು ತುಂಬಿದ ಮಣ್ಣು. ಅದು ವರ್ಷಗಟ್ಟಲೆ ಒಂದೊಂದು ಕಡೆ ಒಂದೊಂದು ಅಳತೆಗೆ ಇಳಿಯುತ್ತಿರುತ್ತದೆ. ಇವೆಲ್ಲ ನಿನ್ನ ಕಣ್ಣಿನ ಅಂದಾಜಿಗೆ. ಮಣ್ಣು ಎಷ್ಟು ಭಾರ ತಾಳುತ್ತದೆ ಎಂಬುದಕ್ಕೆ ಕೊರೆದು ತೆಗೆದ ಮಾದರಿಯ ಪ್ರಯೋಗಾಲಯ ವರದಿಯೇ ಬೇಕು.

ಇಳಿಜಾರಿನಲ್ಲಿ ಸಾಮಾನ್ಯವಾಗಿ ಮೇಲ್ಭಾಗ ಕಡಿದು, ಅದೇ ಮಣ್ಣನ್ನು ಕೆಳಗೆ ಹಾಕಿ ಮಟ್ಟ ಮಾಡುತ್ತಾರೆ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತರೆ ನಡುವೆ ಸೀಳುತ್ತದೆ. ಎಲ್ಲ ಅಡಿಪಾಯವೂ ಮೂಲ ನೆಲ ಮುಟ್ಟಬೇಕು. ಮಣ್ಣು ತಡೆಯುವ ಗೋಡೆ ಬೇಕಾದರೆ ಅದರ ಹಿಂದೆ ಜಲ್ಲಿಯ ಪದರ, ಗೋಡೆಯಲ್ಲಿ ನೀರು ಸೋರಲು ತೂತು ಇರಲೇಬೇಕು. ಗೋಡೆ ಬೀಳುವುದು ಹೆಚ್ಚಾಗಿ ಮಣ್ಣಿನ ಭಾರಕ್ಕಲ್ಲ, ಹಿಂದೆ ನಿಂತ ನೀರಿನ ಒತ್ತಡಕ್ಕೆ. ಈ ಗೋಡೆಯ ಖರ್ಚನ್ನು ನಿವೇಶನದ ಬೆಲೆಗೆ ಕೂಡಿಸಿಯೇ ಹೋಲಿಸು. ಕಟ್ಟುವ ಅಂದಾಜಿನ ಮೇಲೆ ಶೇಕಡ 10ರಿಂದ 15 ತೆಗೆದಿಡು, ಅದು ಖಂಡಿತ ಬೇಕಾಗುತ್ತದೆ.

ಕುಡಿಯುವ ನೀರನ್ನು ಎರಡೂ ಕಡೆ ಪರೀಕ್ಷೆ ಮಾಡಿಸು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಬಾವಿ ಇದ್ದರೆ ಬೇಸಿಗೆಯ ಕೊನೆಯಲ್ಲಿ ಅಳೆ. ಮಳೆಗಾಲದಲ್ಲಿ ತುಂಬಿದ ಬಾವಿ ಏನನ್ನೂ ಹೇಳುವುದಿಲ್ಲ.

ದೂರದ ಮಾತು. ನಕ್ಷೆ ತೋರಿಸುವ ನಿಮಿಷ ನಂಬಬೇಡ, ಕೆಲಸದ ದಿನ ನೀನು ಹೊರಡುವ ಹೊತ್ತಿಗೇ ಹೋಗಿಬಂದು ನೋಡು. ಒಂದು ಕಡೆಗೆ 45 ನಿಮಿಷ ಹೆಚ್ಚಾದರೆ 22 ದಿನಕ್ಕೆ 33 ಗಂಟೆ. ತಿಂಗಳಿಗೆ ನಾಲ್ಕು ದಿನದ ದುಡಿಮೆಯಷ್ಟು ಹೊತ್ತು ಅದು.

ಕಾಗದಪತ್ರಕ್ಕೆ ನಿನ್ನದೇ ವಕೀಲರು ಇರಲಿ, ಮಾರುವವರು ತೋರಿಸಿದವರು ಬೇಡ. ಹಕ್ಕು ಯಾರಿಂದ ಯಾರಿಗೆ ಬಂತು, ಮೇಲೆ ಸಾಲ ಇದೆಯೇ, ಪತ್ರದ ಅಳತೆಯೂ ನೆಲದ ಅಳತೆಯೂ ಒಂದೇ ಇವೆಯೇ ಎಂದು ಅವರು ನೋಡುತ್ತಾರೆ. ನಿವೇಶನಕ್ಕೆ ಹೋಗುವ ದಾರಿ ಸಾರ್ವಜನಿಕವೋ, ಇನ್ನೊಬ್ಬರ ಜಮೀನಿನ ಮೇಲಿನದೋ ಎಂಬುದನ್ನು ನೀನೇ ಬಾಯಿಬಿಟ್ಟು ಕೇಳು. ಪಕ್ಕದ ಖಾಲಿ ಜಾಗದಲ್ಲಿ ಮುಂದೆ ಏನು ಕಟ್ಟಲು ಅನುಮತಿ ಇದೆ ಎಂಬುದನ್ನೂ ಕೇಳು.

ಇವತ್ತಿನ ಮಟ್ಟಿಗೆ ನನ್ನ ಮನಸ್ಸು ಇಳಿಜಾರಿನ ಕಡೆಗಿದೆ. ಆದರೆ ಮಣ್ಣು ಒಪ್ಪಬೇಕು, ದಾರಿಯ ಹಕ್ಕು ಕಾಗದದಲ್ಲಿ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಬಾಡಿಗೆ ಮನೆಯಲ್ಲೇ ಇನ್ನೊಂದು ವರ್ಷ ಇರು, ಮೂರನೆಯ ಜಾಗ ಹುಡುಕೋಣ. ಗುಂಡಿ ತೋಡಿಸಿದ ದಿನ ಎರಡೂ ಮೂಲೆಯ ಫೋಟೋ ಕಳಿಸು. ಅಳತೆ ಕಾಣುವ ಹಾಗೆ ಪಕ್ಕದಲ್ಲಿ ಟೇಪು ಇಳಿಬಿಟ್ಟಿರು.

ಪ್ರೀತಿಯಿಂದ,
ಅಮ್ಮ