ಗೆಳೆಯಾ, ಅಮ್ಮನ ರಿಪೋರ್ಟ್ ಓದಿದೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಅಮ್ಮನ ಬಯಾಪ್ಸಿ ರಿಪೋರ್ಟ್ ಮೂರು ಸಲ ಓದಿದೆ. ‘ಜೀವಮಾನದಲ್ಲಿ ಒಂದು ಬೀಡಿ ಮುಟ್ಟದವಳಿಗೆ ಇದು ಹೇಗೆ ಬಂತೋ?’ ಅಂತ ನೀನು ಫೋನಿನಲ್ಲಿ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ದಿನವಿಡೀ ಲ್ಯಾಬಿನಲ್ಲಿ ಇಂಥವೇ ಸ್ಲೈಡ್ ನೋಡುವವನು ನಾನು. ಆದರೂ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶ್ವಾಸಕೋಶದ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ ಕಣೋ. ಮೊದಲು ಎರಡು ಪಾಲು ಮಾಡುತ್ತಾರೆ: ಸ್ಮಾಲ್ ಸೆಲ್, ನಾನ್-ಸ್ಮಾಲ್ ಸೆಲ್. ನೂರರಲ್ಲಿ ಸುಮಾರು 85 ಜನರಿಗೆ ಬರುವುದು ಎರಡನೆಯದು. ಅಮ್ಮನದೂ ಅದೇ. ರಿಪೋರ್ಟಿನ ಕೊನೆಗಿರುವ ‘ಅಡಿನೋಕಾರ್ಸಿನೋಮಾ’ ಅದರೊಳಗಿನ ಒಂದು ಬಗೆ. ಸಿಗರೇಟು ಸೇದದವರಿಗೆ ಈ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಇದೇ ಬಗೆ ಇರುತ್ತದೆ. ಬೇರೆಯವರು ಸೇದಿ ಬಿಟ್ಟ ಹೊಗೆ, ಒಲೆಯ ಹೊಗೆ, ಕೆಟ್ಟ ಗಾಳಿ, ನೆಲದಿಂದ ಬರುವ ರೇಡಾನ್ ಅನಿಲ ಇವೂ ಕಾರಣ ಆಗಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ‘ಟಿಟಿಎಫ್-1 ಪಾಸಿಟಿವ್’ ಅನ್ನುವ ಸಾಲು ನೋಡಿ ನೀನು ಗಾಬರಿಯಾದೆ ಅಲ್ವಾ? ಟಿಟಿಎಫ್-1 ಅಂದರೆ ಶ್ವಾಸಕೋಶದ ಜೀವಕೋಶಗಳಲ್ಲಿರುವ ಒಂದು ಪ್ರೋಟೀನ್. ಅದನ್ನು ಹುಡುಕುವ ವಿಶೇಷ ಬಣ್ಣ ಹಾಕಿದಾಗ ಜೀವಕೋಶದ ನ್ಯೂಕ್ಲಿಯಸ್ ಕಂದು ಬಣ್ಣಕ್ಕೆ ತಿರುಗಿದೆ ಅಂತ ಅಷ್ಟೇ. ಗಡ್ಡೆ ಶ್ವಾಸಕೋಶದಲ್ಲೇ ಹುಟ್ಟಿದ್ದು, ಬೇರೆಲ್ಲಿಂದಲೋ ಬಂದು ಕೂತದ್ದಲ್ಲ ಅನ್ನುವುದಕ್ಕೆ ಅದು ಬಲವಾದ ಗುರುತು.

‘ಇಷ್ಟು ದಿನ ಜೊತೆಗಿದ್ದೂ ಗೊತ್ತಾಗಲಿಲ್ಲವಲ್ಲ’ ಅಂದೆ. ಹೇಗೆ ಗೊತ್ತಾಗಬೇಕು ಹೇಳು? ಈ ಬಗೆ ಸಾಮಾನ್ಯವಾಗಿ ಶ್ವಾಸಕೋಶದ ಅಂಚಿನಲ್ಲಿ ಬೆಳೆಯುತ್ತದೆ. ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳಿಲ್ಲ. ಅದನ್ನು ಸುತ್ತಿದ ಪೊರೆಗೆ ಗಡ್ಡೆ ತಾಗಿದ ಮೇಲೆಯೇ ನೋವು, ನೀರು ತುಂಬುವುದು, ಏದುಸಿರು. ಅಮ್ಮ ಮೆಟ್ಟಿಲ ನಡುವೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಮಾಡುತ್ತಿದ್ದರು ಅಂದೆಯಲ್ಲ, ಅದು ಈ ಏದುಸಿರು.

ಸ್ಕ್ವಾಮಸ್ ಅನ್ನುವ ಬಗೆ ಹಾಗಲ್ಲ. ಸೇದುವವರಲ್ಲಿ ಜಾಸ್ತಿ. ದೊಡ್ಡ ಉಸಿರು ಕೊಳವೆಗಳಲ್ಲೇ ಬೆಳೆಯುವುದರಿಂದ ಕೆಮ್ಮು, ಕಫದಲ್ಲಿ ರಕ್ತ ಬೇಗ ಕಾಣಿಸುತ್ತವೆ. ಕೊಳವೆ ಮುಚ್ಚಿಕೊಂಡರೆ ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ. ಸ್ಮಾಲ್ ಸೆಲ್ ಇನ್ನೂ ಅವಸರದ್ದು. ಸ್ಲೈಡಿನಲ್ಲಿ ಒತ್ತೊತ್ತಾಗಿ ಕೂತ ಸಣ್ಣ ಕಪ್ಪು ಜೀವಕೋಶಗಳು, ಮುಟ್ಟಿದರೆ ಜಜ್ಜಿಹೋಗುವಂಥವು. ಪತ್ತೆಯಾಗುವಷ್ಟರಲ್ಲಿ ಬಹಳ ಮಂದಿಯಲ್ಲಿ ಹರಡಿರುತ್ತದೆ. ಕೆಲವರಲ್ಲಿ ಹಾರ್ಮೋನನ್ನೂ ಸುರಿಸುತ್ತದೆ. ಅದರಿಂದ ರಕ್ತದಲ್ಲಿ ಸೋಡಿಯಂ ಇಳಿದು ರೋಗಿಗೆ ಗೊಂದಲವಾದರೆ ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಎದೆಯ ದೊಡ್ಡ ರಕ್ತನಾಳ ಒತ್ತಿಕೊಂಡರೆ ಮುಖ, ಕತ್ತು ಊದಿಕೊಳ್ಳುತ್ತವೆ. ಇವೆಲ್ಲ ಎದೆಯ ಕಾಯಿಲೆ ಅಂತ ಯಾರಿಗೆ ಹೊಳೆಯುತ್ತದೆ?

ನನಗೇ ಹೊಳೆಯಲಿಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ನಮ್ಮಪ್ಪನಿಗೆ ಮೊದಲು ಶುರುವಾಗಿದ್ದು ಎಡಭುಜದ ನೋವು. ಕೆಮ್ಮಿಲ್ಲ, ಏನಿಲ್ಲ. ಮೂಳೆ ಸವೆದಿದೆ ಅಂದರು, ಐದು ತಿಂಗಳು ಮುಲಾಮು ಹಚ್ಚಿದೆವು. ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತಿದ್ದವರು, ‘ಈ ಕಣ್ಣು ಯಾಕೋ ಚಿಕ್ಕದಾಗಿದೆ ನೋಡು’ ಅಂದರು. ಎಡರೆಪ್ಪೆ ಜೋತುಬಿದ್ದಿತ್ತು. ಸೆಕೆಗೆ ಮುಖದ ಬಲಭಾಗ ಬೆವರಿತ್ತು, ಎಡಭಾಗ ಒಣಗಿತ್ತು. ಆಗ ನನ್ನ ಎದೆ ಧಸಕ್ಕೆಂದಿತು. ಶ್ವಾಸಕೋಶದ ತುದಿಯಲ್ಲಿ ಬೆಳೆದ ಗಡ್ಡೆ ಕತ್ತಿನ ನರಕ್ಕೆ ತಾಗಿದರೆ ಹೀಗಾಗುತ್ತದೆ. ಪ್ಯಾನ್‌ಕೋಸ್ಟ್ ಗಡ್ಡೆ ಅನ್ನುತ್ತಾರೆ. ಪರೀಕ್ಷೆಗೆ ಓದಿ ಬರೆದು ಪಾಸಾಗಿದ್ದೆ. ಮನೆಯಲ್ಲೇ ಇದ್ದಾಗ ಕಾಣಲಿಲ್ಲ. ಆದ್ದರಿಂದ ನೀನು ನಿನ್ನನ್ನೇ ಬೈದುಕೊಳ್ಳುವುದನ್ನು ಬಿಡು. ದಯವಿಟ್ಟು ಬಿಡು.

ಈಗ ಮಾಡಬೇಕಾದ ಕೆಲಸ ಒಂದಿದೆ. ಇಜಿಎಫ್‌ಆರ್, ಎಎಲ್‌ಕೆ ಅನ್ನುವ ಜೀನ್‌ಗಳ ಪರೀಕ್ಷೆಗೆ ಕಳಿಸಿದ್ದಾರಾ ಅಂತ ಡಾಕ್ಟರನ್ನು ಕೇಳು. ಇಜಿಎಫ್‌ಆರ್ ಜೀನಿನ ದೋಷಕ್ಕೂ ಈ ಕ್ಯಾನ್ಸರಿಗೂ ಇರುವ ನಂಟು ಗೊತ್ತಾಗಿದ್ದು 2004ರಲ್ಲಿ. ಸೇದದವರ ಅಡಿನೋಕಾರ್ಸಿನೋಮಾದಲ್ಲಿ ಆ ದೋಷ ಜಾಸ್ತಿ ಸಿಗುತ್ತದೆ. ಸಿಕ್ಕರೆ ಅದಕ್ಕೇ ಅಂತ ಮಾಡಿದ ಮಾತ್ರೆಗಳಿವೆ. ಹರಡಿದ ಕಾಯಿಲೆಯನ್ನು ಬೇರುಸಹಿತ ಕೀಳುತ್ತವೆ ಅಂತ ನಾನು ಹೇಳುವುದಿಲ್ಲ. ಆದರೆ ಎಷ್ಟೋ ಜನರಿಗೆ ಅವು ಒಳ್ಳೆಯ ತಿಂಗಳುಗಳನ್ನು, ವರ್ಷಗಳನ್ನು ಕೊಟ್ಟಿವೆ. ಫಲಿತಾಂಶ ಬರಲು ಕೆಲವು ದಿನ ಬೇಕು. ಅಮ್ಮನಿಗೆ ಹೊಸದಾಗಿ ತಲೆನೋವು, ಬೆನ್ನುಮೂಳೆಯ ನೋವು, ಕಾಲಿನಲ್ಲಿ ಬಲ ಕಡಿಮೆ ಆಗುವುದು ಕಂಡರೆ ಮಾತ್ರ ಅಲ್ಲಿವರೆಗೂ ಕಾಯಬೇಡ. ಅವತ್ತೇ ಡಾಕ್ಟರಿಗೆ ತಿಳಿಸು.

ರಿಪೋರ್ಟಿನ ಮೇಲ್ಗಡೆ ಬಲಕ್ಕೆ ಬ್ಲಾಕ್ ನಂಬರ್ ಇದೆ. ತೆಗೆದ ತುಣುಕು ಮೇಣದೊಳಗೆ ಜೋಪಾನವಾಗಿರುತ್ತದೆ, ಜೀನ್ ಪರೀಕ್ಷೆಗೆ ಬೇಕಾಗುವುದು ಅದೇ. ನಂಬರ್ ಬರೆದಿಟ್ಟುಕೋ. ಶನಿವಾರ ಬರುತ್ತೇನೆ, ಲ್ಯಾಬಿಗೆ ಇಬ್ಬರೂ ಹೋಗೋಣ.

ನಿನ್ನವನೇ