ದಂಟಿನಿಂದ ಫಿಲ್ಮ್ ಮಾಡಹೊರಟವನಿಗೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೆಕ್ಕೆಜೋಳದ ದಂಟಿನಿಂದ ಆಹಾರ ಸುತ್ತುವ ಫಿಲ್ಮ್, ಅಂದರೆ ತೆಳು ಹಾಳೆ, ಮಾಡುವ ಯೋಚನೆ ಒಳ್ಳೆಯದೇ. ಆದರೆ ಕರಗಿಸಿದ ದ್ರಾವಣವನ್ನು ಗಾಜಿನ ಮೇಲೆ ಎರೆಯುವ ಗಳಿಗೆಗಾಗಿ ಅವಸರಪಡಬೇಡ. ಫಿಲ್ಮ್ ಕೆಡುವುದು ಬಹುಪಾಲು ತೊಳೆಯುವ ಹಂತದಲ್ಲಿ.

ಫಿಲ್ಮ್ ಆಗುವುದು ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಮೂಲವಸ್ತು; ಒಣ ದಂಟಿನಲ್ಲಿ ಅದು ಇರುವುದು ಶೇ. 35–40ರಷ್ಟು. ಉಳಿದದ್ದು ಹೆಮಿಸೆಲ್ಯುಲೋಸ್, ನಾರುಗಳನ್ನು ಅಂಟಿಸಿ ಹಿಡಿಯುವ ಲಿಗ್ನಿನ್, ಬೂದಿ. 100 ಗ್ರಾಂ ಪುಡಿಗೆ ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣ 2 ಲೀಟರ್ ಹಾಕಿ, 80 ಡಿಗ್ರಿಯಲ್ಲಿ 2 ಗಂಟೆ ಕದಡುತ್ತಿರು. ಸೋಡಾವನ್ನು ನೀರಿಗೆ ಸುರಿ, ಸೋಡಾದ ಮೇಲೆ ನೀರು ಸುರಿಯಬೇಡ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಕಪ್ಪು ರಸ ಬಸಿದು, ನೀರು ತಿಳಿಯಾಗಿ ಪಿಎಚ್ 7ಕ್ಕೆ ಇಳಿಯುವವರೆಗೆ ತೊಳೆ. ಲಿಗ್ನಿನ್ ಉಳಿದರೆ ಮುಂದೆ ದ್ರಾವಣದಲ್ಲಿ ಕಂದು ಕಣಗಳಾಗಿ ತೇಲುತ್ತದೆ, ಫಿಲ್ಮ್ ಅಲ್ಲೇ ಹರಿಯುತ್ತದೆ. ಬಿಳುಪಿಗೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು, ಪಿಎಚ್ 11ರ ಆಸುಪಾಸಿನಲ್ಲಿ, 60 ಡಿಗ್ರಿಯಲ್ಲಿ. ಸೋಡಿಯಂ ಕ್ಲೋರೈಟ್ ಇನ್ನೂ ಬೆಳ್ಳಗೆ ಮಾಡುತ್ತದೆ ನಿಜ, ಆದರೆ ಅದು ಬಿಡುವ ಕ್ಲೋರಿನ್ ಡೈಆಕ್ಸೈಡ್ ವಿಷಗಾಳಿ.

ಹೀಗೆ ತೊಳೆದು ಬಿಳುಪಾಗಿಸಿದ ನಾರಿನ ತಿರುಳನ್ನು ಒಣಗಿಸಬೇಡ. ಒಣಗಿದ ನಾರುಗಳು ಒಂದಕ್ಕೊಂದು ಬಿಗಿದುಕೊಂಡರೆ ಮತ್ತೆ ಸರಿಯಾಗಿ ಉಬ್ಬುವುದಿಲ್ಲ. ಆದರೆ ಹಸಿ ತಿರುಳಿನ ನೀರನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸೆಲ್ಯುಲೋಸ್ ಕರಗಲು ದ್ರಾವಣದಲ್ಲಿ ಜಿಂಕ್ ಕ್ಲೋರೈಡ್ ಎಂಬ ಸತುವಿನ ಲವಣ ಶೇ. 68ರಷ್ಟು ಇರಬೇಕು, ಅಂದರೆ 68 ಗ್ರಾಂ ಲವಣಕ್ಕೆ ಒಟ್ಟು 32 ಗ್ರಾಂ ನೀರು. 1 ಗ್ರಾಂ ಸೆಲ್ಯುಲೋಸ್ ಇರುವ ಹಸಿ ತಿರುಳು 4 ಗ್ರಾಂ ತೂಗಿದರೆ, ಅದೇ 3 ಗ್ರಾಂ ನೀರು ತಂದಿದೆ; ನೀನು ಹಾಕಬೇಕಾದ್ದು 29 ಮಾತ್ರ. ನೀರು ಹೆಚ್ಚಾದರೆ ನಾರು ಉಬ್ಬುತ್ತದೆ, ಕರಗುವುದಿಲ್ಲ. 65–70 ಡಿಗ್ರಿಯಲ್ಲಿ ತಿಳಿಯಾದ ಕೂಡಲೇ ಇಳಿಸು. ದ್ರಾವಣ ಆಮ್ಲೀಯವಾದ್ದರಿಂದ ಬಿಸಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸೆಲ್ಯುಲೋಸ್‌ನ ಅಣು ಸರಪಳಿಗಳು ತುಂಡಾಗಿ ಫಿಲ್ಮ್ ಪುಡಿಪುಡಿಯಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಸರಪಳಿಗಳನ್ನು ಬೆಸೆದು ಬಲ ಕೊಡುತ್ತದೆ, ಈ ಅಳತೆಗೆ 0.2 ಗ್ರಾಂನಿಂದ ಶುರುಮಾಡಿ ನೋಡು.

ಗುಳ್ಳೆ ಹೋದ ಮೇಲೆ ಗಾಜಿನ ಮೇಲೆ ಹರಡಿ, ಮೊದಲು ಎಥನಾಲ್‌ನಲ್ಲಿ ಮುಳುಗಿಸು. ನೇರ ನೀರಿಗೆ ಹಾಕಿದರೆ ಸತುವಿನ ಲವಣ ಬಿಳಿ ಪದರವಾಗಿ ಫಿಲ್ಮ್‌ನೊಳಗೇ ಕೂರುತ್ತದೆ. ನಂತರ ನೀರು ಬದಲಿಸುತ್ತ ತೊಳೆ. ಸಿಲ್ವರ್ ನೈಟ್ರೇಟ್ ಹಾಕಿದಾಗ ತೊಳೆದ ನೀರು ಮಬ್ಬಾಗದಿದ್ದರೆ ಕ್ಲೋರೈಡ್ ಹೋಗಿದೆ ಎಂದಷ್ಟೇ ಅರ್ಥ, ಸತು ಹೋಗಿದೆ ಎಂದಲ್ಲ. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಆ ವರದಿ ಬರುವವರೆಗೆ ಆಹಾರಕ್ಕೆ ಮುಟ್ಟಿಸಬೇಡ. ಸತುವಿನ ನೀರನ್ನು ಚರಂಡಿಗೂ ಬಿಡಬೇಡ, ಜಲಚರಗಳಿಗೆ ವಿಷ. ಆವಿಗೊಳಿಸಿ ಲವಣ ಮರಳಿ ಪಡೆ.

ಕೊನೆಗೆ ಫಿಲ್ಮ್ ಮೆತ್ತಗಿರಲೆಂದು ಶೇ. 1ರ ಗ್ಲಿಸರಾಲ್ ನೀರಿನಲ್ಲಿ ಅದ್ದಿ, ಅಂಚುಗಳನ್ನು ಚೌಕಟ್ಟಿಗೆ ಕಚ್ಚಿಸಿ ಒಣಗಿಸು. ಬಿಡಿಯಾಗಿ ಬಿಟ್ಟರೆ ಹಪ್ಪಳದ ಹಾಗೆ ಸುರುಟುತ್ತದೆ. ಗ್ಲಿಸರಾಲ್ ಹೆಚ್ಚಾದರೆ ಅಂಟಂಟು.

ಇಷ್ಟಾದರೂ ಇದು ಪಾಲಿಥಿನ್‌ಗೆ ಸಮವಲ್ಲ. ಒಣಗಿದ್ದಾಗ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ, ನೀರಾವಿಯನ್ನು ತಡೆಯುವುದಿಲ್ಲ. ಬಿಸಿಗೆ ಕರಗದ ಕಾರಣ ಬಿಸಿ ಒತ್ತಿ ಮುಚ್ಚಲೂ ಬರದು. 1908ರ ಸೆಲ್ಲೋಫೇನ್‌ಗೂ, ಅಂದರೆ ಸೆಲ್ಯುಲೋಸ್‌ನಿಂದಲೇ ಮಾಡಿದ ಪಾರದರ್ಶಕ ಹಾಳೆಗೂ, ಇದೇ ತೊಡಕಿತ್ತು. 1927ರಲ್ಲಿ ಮೇಲೆ ತೆಳು ಲ್ಯಾಕರ್ ಬಳಿದ ಮೇಲೆಯೇ ಅದು ತೇವ ತಡೆಯಿತು. ನೀನೂ ಲೇಪ ಹಚ್ಚಬಹುದು, ಆದರೆ ಮಣ್ಣಲ್ಲಿ ಕೊಳೆಯುವ ವೇಗ ಕುಗ್ಗೀತು. ಹಾಗಾಗಿ ಕೊಳೆಸುವ ಪರೀಕ್ಷೆಯನ್ನು ಲೇಪ ಹಚ್ಚಿದ ತುಂಡಿನ ಮೇಲೆಯೇ ಮಾಡು, ಪಕ್ಕದಲ್ಲಿ ಸಾದಾ ಫಿಲ್ಟರ್ ಕಾಗದವನ್ನೂ ಹೂತಿಡು. ಆ ಕಾಗದವೂ ಕೊಳೆಯದಿದ್ದರೆ ದೋಷ ಮಣ್ಣಿನದು.

ಇತಿ,
ನಿನ್ನ ದೊಡ್ಡಪ್ಪ