ಒಳಾಂಗಣದ ಖರ್ಚು: ಬ್ಯಾಂಕಿನ ಲೆಕ್ಕಕ್ಕೆ ಬರುವುದೆಷ್ಟು?

ಮಾನ್ಯ ಸಂಪಾದಕರೇ,

ತುಮಕೂರಿನ ಬಟವಾಡಿ, ಶೆಟ್ಟಿಹಳ್ಳಿ, ಕ್ಯಾತ್ಸಂದ್ರದ ಕಡೆ 30×40 ಸೈಟಿನಲ್ಲಿ ಮನೆ ಕಟ್ಟಿ ಮುಗಿಸಿದವರಲ್ಲಿ, ಒಳಾಂಗಣಕ್ಕೆಂದು ಮತ್ತೆ ಐದೋ ಎಂಟೋ ಲಕ್ಷ ಸುರಿಯುವವರು ಈಗ ಕಡಿಮೆಯಿಲ್ಲ. ಕೈ ತಡೆದರೆ ಇಂಟೀರಿಯರ್‌ನವರು ಹೇಳುವ ಸಮಾಧಾನ ಒಂದೇ: ‘ನಾಳೆ ಮಾರಿದರೆ ಇದಕ್ಕೆ ಎರಡರಷ್ಟು ಬರುತ್ತೆ ಸಾರ್.’ ಪತ್ರಿಕೆಗಳ ಆಸ್ತಿ ಪುಟಗಳಲ್ಲೂ ಇದೇ ಧಾಟಿ. ಎರಡರಷ್ಟು ಇರಲಿ, ಹಾಕಿದ್ದರ ಅರ್ಧ ಬಂದರೂ ಪುಣ್ಯ. ಅದಕ್ಕೆ ಕಾರಣ ಕೊಳ್ಳುವವರ ಅಭಿರುಚಿಗಿಂತ ಮುಖ್ಯವಾಗಿ ಬ್ಯಾಂಕಿನ ಲೆಕ್ಕದಲ್ಲಿದೆ.

ಹಳೆಯ ಮನೆ ಕೊಳ್ಳುವವರು ಹೆಚ್ಚಾಗಿ ಸಾಲ ಮಾಡಿಯೇ ಕೊಳ್ಳುತ್ತಾರೆ. ಆಸ್ತಿಗೆ ಬೆಲೆ ಕಟ್ಟುವ ಬ್ಯಾಂಕಿನ ವ್ಯಾಲ್ಯುಯರ್ ಬಂದು ನೋಡುವುದು ಸೈಟಿನ ಅಳತೆ, ರಸ್ತೆಯ ಅಗಲ, ಕಟ್ಟಡದ ಚದರಡಿ, ಅದರ ವಯಸ್ಸು, ಮಂಜೂರಾದ ನಕ್ಷೆ, ಖಾತೆ. ಕಟ್ಟಡದ ಬೆಲೆಯಲ್ಲಿ ವರ್ಷ ಕಳೆದಂತೆ ಸವಕಳಿ ಕಳೆಯುತ್ತಾರೆ. ನಿಮ್ಮ ಟಿವಿ ಯೂನಿಟ್ಟು, ಫಾಲ್ಸ್ ಸೀಲಿಂಗಿನ ಬಣ್ಣದ ದೀಪ, ಗೋಡೆಗೆ ಹೊಡೆಸಿದ ಪ್ಯಾನೆಲ್ಲು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿ ಮೌಲ್ಯದ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದನ್ನು ದಾಟಿದರೆ ಶೇ 75 ಗರಿಷ್ಠ ಮಿತಿ. ಮನೆಗೆ ನೀವು 60 ಲಕ್ಷ ಹೇಳಿದ್ದೀರಿ, ವ್ಯಾಲ್ಯುಯರ್ 52 ಲಕ್ಷ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಸಾಲ ಸಿಗುವುದು ಹೆಚ್ಚೆಂದರೆ 41.6 ಲಕ್ಷ. ಉಳಿದ 18.4 ಲಕ್ಷವನ್ನು ಕೊಳ್ಳುವವರು ಕೈಯಿಂದ ಹೊಂದಿಸಬೇಕು, ಅದರ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ಅಂದರೆ ‘ಇಂಟೀರಿಯರ್‌ಗೆ ಎಂಟು ಲಕ್ಷ ಜಾಸ್ತಿ ಕೊಡಿ’ ಎಂದಾಗ ಆ ಎಂಟು ಲಕ್ಷಕ್ಕೆ ಅವರಿಗೆ ಒಂದು ಪೈಸೆ ಸಾಲ ಹುಟ್ಟುವುದಿಲ್ಲ. ಚೌಕಾಸಿಯಲ್ಲಿ ಮೊದಲು ಬೀಳುವುದೂ ಅದೇ ಎಂಟು ಲಕ್ಷ.

ಹಾಗೆಂದು ಮನೆಯನ್ನು ಬೋಳು ಬಿಡಿ ಎಂದು ಯಾರೂ ಹೇಳುವುದಿಲ್ಲ. ಇರುವಷ್ಟು ದಿನ ಬಾಳುವವರು ನೀವು. ಒಂದು ಗೆರೆ ಎಳೆದುಕೊಂಡರೆ ಸಾಕು: ತೆಗೆಯಲು ಸುತ್ತಿಗೆ, ಉಳಿ ಬೇಕಾಗುವ ಕೆಲಸಗಳನ್ನು ಊರಿನ ನಾಲ್ಕು ಜನಕ್ಕೆ ಒಪ್ಪುವಂತೆ ಮಾಡಿಸಿ, ಸ್ಕ್ರೂಡ್ರೈವರ್ ಅಥವಾ ಬ್ರಷ್ ಸಾಕಾಗುವ ಕಡೆ ನಿಮ್ಮ ಮನಸ್ಸಿಗೆ ಬಂದಂತೆ ನಡೆಯಿರಿ. ನೆಲದ ಟೈಲ್ಸ್, ಅಡುಗೆ ಕಟ್ಟೆ, ಬಾತ್‌ರೂಮು, ಪೈಪು, ವೈರಿಂಗು ಮೊದಲನೆಯ ಗುಂಪು. ಗೋಡೆಯ ಬಣ್ಣ, ಪರದೆ, ದೀಪ, ಬಿಡಿ ಪೀಠೋಪಕರಣ ಎರಡನೆಯದು.

ಈ ಊರಿನ ಕೊಳ್ಳುವವರು ಕೇಳುವುದೂ ಬೇರೆ ಬೇರೆಯೇ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯ ಇರುವ ಊರು ಇದು. ರೈಲಿನಲ್ಲಿ ಬೆಂಗಳೂರಿಗೆ ದಿನಾ ಹೋಗಿ ಬರುವವರೂ ಇಲ್ಲಿ ಬಾಡಿಗೆಗೆ ಇರುತ್ತಾರೆ. ಹಾಗಾಗಿ ಮೇಲಿನ ಮನೆಗೆ ಹೊರಗಿನಿಂದಲೇ ಮೆಟ್ಟಿಲಿದೆಯೇ ಎಂಬುದು ಮೊದಲ ಪ್ರಶ್ನೆ. ಡ್ಯುಪ್ಲೆಕ್ಸ್ ಚೆಂದವೆಂದು ಹೊರಮೆಟ್ಟಿಲನ್ನು ಒಳಗೆ ಸೇರಿಸಿಕೊಂಡರೆ ಬಾಡಿಗೆ ಹೋಯಿತು, ಬಾಡಿಗೆ ನೋಡಿ ಕೊಳ್ಳುವ ಗಿರಾಕಿಯೂ ಹೋದ. ದೇವರ ಮನೆ ಒಡೆದು ಬಾರ್ ಕೌಂಟರ್ ಮಾಡುವುದು, ಎರಡನೆಯ ಮಲಗುವ ಕೋಣೆಯನ್ನು ಬಟ್ಟೆ ಕೋಣೆ ಮಾಡುವುದು, ಆಗ್ನೇಯದ ಅಡುಗೆಮನೆಯನ್ನು ಎಳೆದು ಇನ್ನೊಂದು ಮೂಲೆಗೆ ಹಾಕುವುದು, ಇವೂ ಹಾಗೆಯೇ. ವಾಸ್ತು ನೀವು ನಂಬದಿರಬಹುದು, ಕೊಳ್ಳುವವರ ಮಾವ ನಂಬುತ್ತಾರೆ. ಸೆಟ್‌ಬ್ಯಾಕಿನಲ್ಲಿ, ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ, ಶೀಟು ಹೊದಿಸಿ ಮಾಡಿಕೊಂಡ ಯುಟಿಲಿಟಿ ನಕ್ಷೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆ ಕಟ್ಟುವುದು ಒತ್ತಟ್ಟಿಗಿರಲಿ, ಕೊಳ್ಳುವವರ ವಕೀಲರಿಗೆ ಒಂದು ತಕರಾರು ಸಿಕ್ಕಂತೆ.

ದುಡ್ಡು ಹಂಚುವ ಬಗ್ಗೆ ಹೇಳುವುದಾದರೆ, ಎರಡು ಕೋಣೆಯ ಹಳೆಯ ಮನೆಗೆ ಕೈಯಲ್ಲಿ ಐದು ಲಕ್ಷ ಇದ್ದರೆ, ಒಂದು ಲಕ್ಷ ಸೋರಿಕೆ, ಪೈಪು, ವೈರಿಂಗಿಗೆ, ಒಂದೂವರೆ ಅಡುಗೆಮನೆಗೆ, ಮುಕ್ಕಾಲು ಲಕ್ಷ ಬಾತ್‌ರೂಮಿಗೆ, ಇನ್ನೊಂದು ಮುಕ್ಕಾಲು ಬಣ್ಣಕ್ಕೆ, 50 ಸಾವಿರ ಮನಸ್ಸಿಗೆ ಬಂದದ್ದಕ್ಕೆ, ಕೊನೆಯ 50 ಸಾವಿರ ಮುಟ್ಟದೆ ಪಕ್ಕಕ್ಕೆ. ಗೋಡೆ ಒಡೆದಾಗ ಒಳಗೇನು ಸಿಗುತ್ತದೋ ಮೇಸ್ತ್ರಿಗೂ ಗೊತ್ತಿರುವುದಿಲ್ಲ, ಆ ಕೊನೆಯ ಕಂತು ಅದಕ್ಕೆ. ಜನ ಮಾಡುವುದು ಇದರ ತಿರುಗುಮುರುಗು. ಹಾಲ್‌ನ ಸೀಲಿಂಗಿಗೂ ಸೋಫಾಕ್ಕೂ ಮೊದಲು ಖರ್ಚು ಮಾಡಿ, ವೈರಿಂಗಿನ ಸರದಿ ಬಂದಾಗ ‘ಇದ್ದದ್ದೇ ಇರಲಿ ಬಿಡಿ’ ಎನ್ನುತ್ತಾರೆ. ಅಡುಗೆಮನೆಯ ಟೈಲ್ಸ್ ಹಾಕಿದ ಮೇಲೆ ಚಿಮಣಿಗೆ, ಓವನ್ನಿಗೆ, ನೀರಿನ ಫಿಲ್ಟರಿಗೆ ಪಾಯಿಂಟ್ ಇಲ್ಲವೆಂದು ನೆನಪಾಗುತ್ತದೆ. ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿ.ಮೀ. ವೈರು, ಮುಖ್ಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು: ಇಷ್ಟನ್ನು ಗೋಡೆಗೆ ಪುಟ್ಟಿ ಎಳೆಯುವ ಮೊದಲೇ ಮುಗಿಸಿಕೊಳ್ಳಬೇಕು.

ಬಣ್ಣಕ್ಕೆ ಮೊದಲು ಗೋಡೆಯ ತೇವ ನೋಡಿ. ಹಳೆಯ ಬಡಾವಣೆಗಳಲ್ಲಿ ಸೈಜುಕಲ್ಲಿನ ಗೋಡೆಯ ಮನೆಗಳು ಇನ್ನೂ ಇವೆ. ಪಾಯದಿಂದ ತೇವ ಮೇಲೇರಿ ನೆಲದಿಂದ ಎರಡು ಮೂರು ಅಡಿವರೆಗೆ ಗೋಡೆ ಉಪ್ಪು ಬಿಡುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ಪೇಂಟರ್‌ನನ್ನು ಕರೆಯುವ ಹೊತ್ತು ಇನ್ನೂ ಬಂದಿಲ್ಲ. ಅದರ ಮೇಲೆ ಎಷ್ಟೇ ದುಬಾರಿ ಪುಟ್ಟಿ ಎಳೆದರೂ ಮುಂದಿನ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ. ತಾರಸಿಯ ಕೆಳಗಿನ ಮಹಡಿಯಾದರೆ, ಜಿಪ್ಸಂ ಸೀಲಿಂಗಿಗೆ ಮೊದಲು ತಾರಸಿಯಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡುವುದು ಒಳ್ಳೆಯದು. ಫಾಲ್ಸ್ ಸೀಲಿಂಗ್ ಬಗ್ಗೆ ಇಷ್ಟು ಸಾಕು. ಹತ್ತಡಿ ಎತ್ತರದ ಕೋಣೆಯಲ್ಲಿ ಆರಿಂಚು ಇಳಿಸಿ ಕೋಣೆಯನ್ನು ಕುಗ್ಗಿಸುವುದು ಅನೇಕ ಕಡೆ ಬೇಡದ ಕೆಲಸ.

10×12 ಅಡಿಯ, ಹತ್ತಡಿ ಎತ್ತರದ ಕೋಣೆಗೆ ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದರೆ 400. ಒಳ್ಳೆಯ ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ ಸುಮಾರು 100 ಚದರಡಿ ಹಿಡಿಯುತ್ತದೆ ಎಂದುಕೊಂಡರೆ ನಾಲ್ಕು ಲೀಟರಿನ ಒಂದು ಡಬ್ಬಿ. ಪುಟ್ಟಿ ಹೊಸದಾಗಿ ಎಳೆಯುವುದಾದರೆ 40 ಕೆ.ಜಿ.ಯ ಒಂದು ಚೀಲದ ಆಸುಪಾಸು. ಲೆಕ್ಕ ನಿಮಗೆ ಗೊತ್ತಿದ್ದರೆ ಆರು ಲೀಟರ್ ಬರೆದ ಚೀಟಿ ಬಂದಾಗ ಕೇಳಬಹುದು. ಒಂದು ಗೋಡೆಗೆ ಕಡು ಹಸಿರೋ ಗಾಢ ನೀಲಿಯೋ ಬೇಕೆನಿಸಿದರೆ ಧೈರ್ಯವಾಗಿ ಹೊಡೆಸಿ. ಮಾರುವಾಗ ಆ ಗೋಡೆಗೆ ಒಂದು ಕೋಟ್ ಪ್ರೈಮರ್, ತಿಳಿಬಣ್ಣ ಎರಡರ ಬದಲು ಮೂರು ಕೋಟ್, ಅಷ್ಟೇ ದಂಡ.

ವಾಲ್‌ಪೇಪರಿನಲ್ಲಿ ಮಾತ್ರ ಅಳತೆ ಕೈಕೊಡುತ್ತದೆ. ಸಾಮಾನ್ಯ ರೋಲು 53 ಸೆಂ.ಮೀ. ಅಗಲ, 10 ಮೀಟರ್ ಉದ್ದ, ಅಂದರೆ 57 ಚದರಡಿ. ಹನ್ನೊಂದಡಿ ಅಗಲ, ಹತ್ತಡಿ ಎತ್ತರದ ಗೋಡೆ 110 ಚದರಡಿ; ಎರಡು ರೋಲು ಸಾಕೆಂದು ತಂದುಬಿಡುತ್ತಾರೆ. ಆದರೆ ಕಾಗದ ಹಚ್ಚುವುದು ಪಟ್ಟಿ ಪಟ್ಟಿಯಾಗಿ. ಹನ್ನೊಂದಡಿಗೆ ಏಳು ಪಟ್ಟಿ ಬೇಕು, ಒಂದು ರೋಲಿನಲ್ಲಿ ಬರುವುದು ಮೂರೇ ಪಟ್ಟಿ. ಬೇಕಾದದ್ದು ಮೂರು ರೋಲು. ಮೂರನೆಯದನ್ನು ವಾರ ಬಿಟ್ಟು ತಂದರೆ ಲಾಟ್ ನಂಬರ್ ಬೇರೆಯಾಗಿ ಕೊನೆಯ ಪಟ್ಟಿಯ ಛಾಯೆ ಎದ್ದು ಕಾಣುತ್ತದೆ.

ಅಡುಗೆಮನೆಗೆ ಬರೋಣ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆ, ನಡುವೆ ಕಲ್ಲಿನದೇ ಅರೆ ಇರುತ್ತದೆ. ‘ಮಾಡ್ಯುಲರ್’ ಮಾಡುವವರು ಮೊದಲು ಕೀಳುವುದೇ ಅದನ್ನು. ಕೀಳಿಸಬೇಡಿ. ಗೆದ್ದಲು ಹಿಡಿಯದ, ನೀರಿಗೆ ಉಬ್ಬದ ಪೆಟ್ಟಿಗೆ ಅದು, ನಿಮ್ಮಲ್ಲಿ ಆಗಲೇ ಇದೆ. ಹತ್ತಡಿ ಉದ್ದದ ಕಟ್ಟೆಗೆ ಪೂರ್ತಿ ಪ್ಲೈವುಡ್ ಪೆಟ್ಟಿಗೆ ಮಾಡಿಸಿದರೆ 8×4ರ ಮೂರು ನಾಲ್ಕು ಶೀಟು ಹಿಡಿಯುತ್ತದೆ. ಕಲ್ಲು ಉಳಿಸಿಕೊಂಡು ಮುಂದೆ ಬಾಗಿಲು ಮಾತ್ರ ಹಾಕಿದರೆ 28 ಇಂಚು ಎತ್ತರಕ್ಕೆ 23 ಚದರಡಿ, ಒಂದೇ ಶೀಟು. ಆದರೆ ಒಂದು ಎಚ್ಚರ. ಹಿಂಜಿನ ಸ್ಕ್ರೂ ಕಲ್ಲಿಗೆ ಹಿಡಿಯುವುದಿಲ್ಲ. ಕಡಪದ ಅಂಚಿಗೆ ಡ್ರಿಲ್ ಇಟ್ಟರೆ ಕಲ್ಲು ಪದರ ಪದರವಾಗಿ ಏಳುತ್ತದೆ. ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು ಮಾಡಿ, ಅದನ್ನು ಗೋಡೆಗೂ ನೆಲಕ್ಕೂ ಬಿಗಿದು, ಬಾಗಿಲನ್ನು ಚೌಕಟ್ಟಿಗೆ ಕೂರಿಸಬೇಕು. ಇದನ್ನು ತಿಳಿದ ಕಾರ್ಪೆಂಟರ್ ಅಳತೆ ತೆಗೆಯುವಾಗಲೇ ಕಲ್ಲಿನ ಓರೆಕೋರೆ ನೋಡುತ್ತಾನೆ; ನೋಡದವನು ಬಾಗಿಲು ತಂದ ದಿನ ರಂದ ಹಿಡಿದು ಕೂರುತ್ತಾನೆ.

ಪ್ಲೈವುಡ್ ವಿಷಯದಲ್ಲಿ ಅಂಗಡಿಯವರ ‘ವಾಟರ್‌ಪ್ರೂಫ್’ ಮಾತಿಗಿಂತ ಶೀಟಿನ ಮೇಲಿನ ಮುದ್ರೆ ಓದಿ. ಸಿಂಕಿನ ಸುತ್ತ ಐಎಸ್ 710 ದರ್ಜೆಯ ಮರೈನ್ ಪ್ಲೈವುಡ್ ಬೇಕು. ಉಳಿದ ಅಡುಗೆಮನೆಗೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರನ್ನು ತಕ್ಕಮಟ್ಟಿಗೆ ತಾಳುವ ದರ್ಜೆ), ಒಣ ಕೋಣೆಯ ಬೀರುವಿಗೆ ಎಂಆರ್ (ತೇವವನ್ನಷ್ಟೇ ತಾಳುವ ದರ್ಜೆ) ಸಾಕು. ಮನೆಗೆಲ್ಲ 710 ಹಾಕಿಸುವುದು ದುಡ್ಡು ದಂಡ, ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ ಹಾಕಿಸುವುದು ಅದಕ್ಕಿಂತ ದಂಡ. ದರವನ್ನು ‘ಮುಂಭಾಗದ ಚದರಡಿ’ ಲೆಕ್ಕದಲ್ಲಿ ಹೇಳಿದರೆ ಒಳಗಿನ ಡ್ರಾಯರ್, ಹಿಂಜು, ಹ್ಯಾಂಡಲ್, ಶೇ 18ರ ಜಿಎಸ್‌ಟಿ ಅದರಲ್ಲಿ ಸೇರಿದೆಯೇ ಎಂದು ಬರೆಸಿಕೊಳ್ಳಿ.

ಕಟ್ಟೆಗೆ ಗ್ರಾನೈಟೇ ಸರಿ. ಹುಣಸೆ ಮಂಡಿ ಇರುವ ಊರಿನಲ್ಲಿ ಅಡುಗೆ ಕಟ್ಟೆಗೆ ಇಟಾಲಿಯನ್ ಮಾರ್ಬಲ್ ಹಾಕಿಸುವವರಿಗೆ ಏನೆನ್ನೋಣ? ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಂಕು ಕಲೆ ನಿಲ್ಲುತ್ತದೆ, ಮತ್ತೆ ಪಾಲಿಶ್ ಹೊಡೆಸದೆ ಹೋಗುವುದಿಲ್ಲ.

ಬಾತ್‌ರೂಮಿನಲ್ಲಿ ಕಾಡುವುದು ನೀರು. ಹೇಮಾವತಿ ನೀರು ಬರುವ ಬಡಾವಣೆಯಲ್ಲೂ ಸಂಪಿಗೆ ಬೋರ್‌ವೆಲ್ ನೀರು ಬೆರೆಸುವುದುಂಟು; ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಂಬಿಕೆ ಬಹುತೇಕ ಕೊಳವೆ ಬಾವಿಯ ಮೇಲೆಯೇ. ಗಡಸು ನೀರು ಒಣಗಿದಲ್ಲೆಲ್ಲ ಸುಣ್ಣದಂಥ ಬಿಳಿ ಕಲೆ. ಈಗ ಹುಚ್ಚು ಹತ್ತಿರುವ ಕರಿ ನಲ್ಲಿ, ಕರಿ ಹೊಳಪಿನ ಟೈಲ್ಸ್, ಗಾಜಿನ ಅಡ್ಡಗೋಡೆ ಈ ನೀರಿಗೆ ಆಗಿಬರುವುದಿಲ್ಲ. ಆರೇ ತಿಂಗಳಿಗೆ ಹತ್ತು ವರ್ಷದ ಹಳೆಯದರಂತೆ ಕಾಣುತ್ತವೆ. ತಿಳಿಬೂದು, ಮರಳಿನ ಬಣ್ಣದ ಮ್ಯಾಟ್ ಟೈಲ್ಸ್ ಕಲೆಯನ್ನು ನುಂಗಿಕೊಳ್ಳುತ್ತದೆ, ಮನೆ ನೋಡಲು ಬಂದವರ ಮುಖವನ್ನೂ ಸಿಂಡರಿಸುವುದಿಲ್ಲ. 5×7ರ ಬಾತ್‌ರೂಮಿಗೆ ಏಳಡಿ ಎತ್ತರದವರೆಗೆ, ಬಾಗಿಲು ಕಳೆದು, ಗೋಡೆ ಟೈಲ್ಸ್ 150 ಚದರಡಿ. ಒಡಕು, ಕತ್ತರಿಕೆಗೆ ಶೇ 10 ಸೇರಿಸಿದರೆ 12×18 ಇಂಚಿನವು 110. ನೆಲಕ್ಕೆ ಜಾರದ ಟೈಲ್ಸ್, ಏಳಡಿಗೆ ಒಂದಿಂಚು ಇಳಿಜಾರು. ಹಳೆಯ ಟೈಲ್ಸ್ ಮೇಲೆಯೇ ಅಂಟಿನಿಂದ ಹೊಸದು ಕೂರಿಸಿದರೆ ಒಡೆಯುವ ಕೂಲಿ ಉಳಿಯುತ್ತದೆ ನಿಜ. ಆದರೆ ಮೊದಲು ಹಳೆಯ ಟೈಲ್ಸನ್ನು ಕೋಲಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದವನ್ನು ಕಿತ್ತು ಗಾರೆ ತುಂಬಿಸಬೇಕು. ನೆಲ ಅರ್ಧ ಇಂಚು ಏರುವುದರಿಂದ ಬಾಗಿಲಿನ ತಳ ಸವರಬೇಕಾಗುತ್ತದೆ, ಹೊಸ್ತಿಲ ಬಳಿ ನೀರು ಹಾಲ್‌ಗೆ ನುಗ್ಗದಂತೆಯೂ ನೋಡಿಕೊಳ್ಳಬೇಕು.

ಮಾರುವ ಯೋಚನೆ ಇರುವವರು ಬಿಲ್ಲು ಎಸೆಯಬಾರದು. ನೆಲ ಬದಲಿಸಿದ್ದು, ಕೋಣೆ ಕಟ್ಟಿಸಿದ್ದು ಇಂಥ ಶಾಶ್ವತ ಕೆಲಸದ ಖರ್ಚನ್ನು ಆದಾಯ ತೆರಿಗೆಯಲ್ಲಿ ಸುಧಾರಣಾ ವೆಚ್ಚವೆಂದು ಬಂಡವಾಳ ಲಾಭದಿಂದ ಕಳೆಯಬಹುದು. ಸೋಫಾ, ಪರದೆಯದನ್ನು ಆಗದು. ಕೊಂಡು 24 ತಿಂಗಳು ದಾಟಿದ ಆಸ್ತಿಗೆ 2024ರ ಜುಲೈ 23ರಿಂದ ಈ ತೆರಿಗೆ ಶೇ 12.5, ಅದಕ್ಕೆ ಮೊದಲು ಕೊಂಡ ನಿವಾಸಿಗಳು ಹಣದುಬ್ಬರದ ಲೆಕ್ಕ ಹಿಡಿದು ಶೇ 20ರ ಹಳೆಯ ದಾರಿಯನ್ನೂ ಹೋಲಿಸಿ ನೋಡಬಹುದು. ಬ್ಯಾಂಕ್ ಮೂಲಕ ಕೊಟ್ಟ ಹಣ, ಜಿಎಸ್‌ಟಿ ನಂಬರಿರುವ ಬಿಲ್ಲು ಇದ್ದರೆ ಆಡಿಟರ್ ತಕರಾರು ಮಾಡುವುದಿಲ್ಲ; ಕೈಚೀಟಿಗೆ ಬೆಲೆಯಿಲ್ಲ.

ಬಿಲ್ಲಿನ ಜೊತೆಗೇ ಬಣ್ಣದ ಶೇಡ್ ನಂಬರ್ ಬರೆದಿಡಿ, ಪ್ರತಿ ಬಗೆಯ ಟೈಲ್ಸಿನದೂ ಒಂದೊಂದು ಬಾಕ್ಸ್ ಅಟ್ಟದ ಮೇಲೆ ಇಡಿಸಿ. ಎರಡು ವರ್ಷ ಕಳೆದು ಅದೇ ಅಂಗಡಿಗೆ ಹೋದರೂ ಅದೇ ಛಾಯೆಯ ಟೈಲ್ಸ್ ಸಿಗುವುದು ಅಪರೂಪ. ಪೈಪ್ ಸೋರಿ ನಾಲ್ಕು ಟೈಲ್ಸ್ ಒಡೆಯಬೇಕಾಗಿ ಬಂದರೆ ಆ ಒಂದು ಬಾಕ್ಸ್ ಇಲ್ಲದೆ ಇಡೀ ನೆಲ ಕೀಳಬೇಕಾದೀತು.

ಇಂತಿ,
ಕಟ್ಟಡ ಕೆಲಸ ಬಲ್ಲ ಓದುಗರು
ಸರಸ್ವತಿಪುರಂ, ತುಮಕೂರು